ಒಡವೆ ಕೊಟ್ಟವರು ಸತ್ತಿಗೆ ಕೊಟ್ಟಾರೆ?

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅನ್ನೋ ಗಾದೆ ಇದೆ. ಇದನ್ನು ಕಟ್ಟಿದವರು ಕೊಡುವವರ ಕಡೆಯವರೇ ಇರಬೇಕು. ಇಸಗೊಂಡವರು ಅಳೆಯಬಾರದು, ಅಳೆದರೆ ಉಪಕಾರಗೇಡಿಗಳು ಎಂಬುದು ಅದರ ಒಳಮಾತು. ಆದರೆ ನಾವು ಇಳಕಲ್ಲು, ಗುಳೇದಗುಡ್ಡದ ಸೀಮೆಯವರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ, ಖಣ ನೇಯುವ ಮಂದಿಗೆ ಮೊಳ ಹಾಕೋದು ನಾಚಿಕೆಯಲ್ಲ, ಹೊಟ್ಟೆಪಾಡು. ಆದ್ದರಿಂದ ನಾವು ಹಿತ್ತಲಿಗೆ ಹೋಗೋದಿಲ್ಲ. ಅಂಗಳದಲ್ಲೇ ನಿಂತು ಮೊಳ ಹಾಕುತ್ತೇವೆ.

ಅಳೆಯಬೇಕಾದ ಬಟ್ಟೆ ಈಗ ಎಲ್ಲ ಕಡೆ ಹರಡಿದೆ. ದೊಡ್ಡ ಕಂಪನಿಗಳು, ಕಂಪನಿ ಕಟ್ಟಿ ಬೆಳೆದ ಮನೆತನಗಳು ವಿಶ್ವವಿದ್ಯಾಲಯಗಳ ಜೊತೆ ಸೇರಿ ಬಡಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿವೆ. ಹಳೆಯ ಕಾವ್ಯ ಅಚ್ಚು ಹಾಕಿಸುತ್ತಿವೆ. ಜನಪದ ಕಲೆ ಉಳಿಸುತ್ತೇವೆ ಎನ್ನುತ್ತಿವೆ. ಈ ಔದಾರ್ಯ ಏನು ಕೊಡುತ್ತದೆ, ಏನನ್ನು ಕೊಡದೆ ಇಟ್ಟುಕೊಳ್ಳುತ್ತದೆ? ನಮ್ಮ ಪ್ರಶ್ನೆ ಇಷ್ಟೆ.

ಒಂದು ಪುಸ್ತಕದಿಂದ ಶುರು ಮಾಡೋಣ. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ನಾರಾಯಣಮೂರ್ತಿಯವರ ಮಗ ರೋಹನ್ ಮೂರ್ತಿ 2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ 52 ಲಕ್ಷ ಡಾಲರ್ ದತ್ತಿ ಕೊಟ್ಟರು. ಅದರಿಂದ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಎಂಬ ಮಾಲಿಕೆ ಹುಟ್ಟಿತು. 2015ರಲ್ಲಿ ಮೊದಲ ಐದು ಸಂಪುಟ ಬಂದವು. 2017ರಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಂದಿಗೆ ಹೊರಬಂತು. ಒಂದು ಪುಟದಲ್ಲಿ ಕನ್ನಡ ಲಿಪಿಯ ಮೂಲ, ಎದುರು ಪುಟದಲ್ಲಿ ಇಂಗ್ಲಿಷ್. ಕೆಲಸ ಒಳ್ಳೆಯದೇ. ಕನ್ನಡದ ಕವಿ ಲೋಕಕ್ಕೆ ಕಂಡರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಕಾವ್ಯದ ಹೊಟ್ಟೆಯೊಳಗೇ ಈ ದತ್ತಿಯ ವಿಮರ್ಶೆ ಇದೆ. ಅದನ್ನು ನಾವು ಓದಬೇಕು.

ಬೇಟೆಗೆ ಬಂದ ಹರಿಶ್ಚಂದ್ರನ ಬೀಡಿಗೆ ಇಬ್ಬರು ಹುಡುಗಿಯರು ಬರುತ್ತಾರೆ. ಅನಾಮಿಕರು, ಹೊಲಗೇರಿಯವರು. ಹಾಡುತ್ತಾರೆ. ಅರಸ ಮೆಚ್ಚಿ ಒಡವೆ ಕೊಡುತ್ತಾನೆ. ಒಡವೆ ಅವರಿಗೆ ಬೇಡ, ಬಿಸಿಲಿಗೆ ಅರಸನ ಮುತ್ತಿನ ಸತ್ತಿಗೆ ಬೇಕು. ಸತ್ತಿಗೆ ಅಂದರೆ ಕೊಡೆ. ನಮ್ಮ ಜಾತ್ರೆಗಳಲ್ಲಿ ಪಲ್ಲಕ್ಕಿಯ ಜೊತೆ ಹಿಡಿಯುತ್ತಾರಲ್ಲ, ಅಂಥದ್ದು. ಅರಸ ಬೆಚ್ಚುತ್ತಾನೆ. ಅದು ವಂಶದಿಂದ ಬಂದದ್ದು, ಪಟ್ಟದ ಗುರುತು, ಕೊಡೋ ವಸ್ತುವಲ್ಲ. ಹಾಗಾದರೆ ನಮ್ಮನ್ನು ಮದುವೆಯಾಗು ಅನ್ನುತ್ತಾರೆ ಹುಡುಗಿಯರು. ಕುಲದ ಮಾತು ಬರುತ್ತದೆ. ಆಗ ಅವರು ಕೇಳುತ್ತಾರೆ: ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಎಲ್ಲಿಂದ ಬಂತು? ಉತ್ತರ ಇಲ್ಲದ ಅರಸ ಅವರನ್ನು ಹೊಡೆಸುತ್ತಾನೆ. ವಿಶ್ವಾಮಿತ್ರ ಬಂದು ಮದುವೆಗೆ ಒತ್ತಾಯಿಸಿದರೆ ರಾಜ್ಯವನ್ನೇ ಬಿಡುತ್ತಾನೆ, ಹುಡುಗಿಯರನ್ನು ಒಪ್ಪುವುದಿಲ್ಲ.

ಶಾಲೆಯಲ್ಲಿ ನಮಗೆ ಇದನ್ನು ಸತ್ಯದ ಕಥೆ ಅಂತ ಕಲಿಸಿದರು. ನಾವು ಇದನ್ನು ದಾನದ ಕಥೆ ಅಂತ ಓದುತ್ತೇವೆ. ಅರಸ ಚಿನ್ನ ಕೊಟ್ಟಾನು, ನಾಡನ್ನೂ ಕೊಟ್ಟಾನು, ಸಮಾನತೆ ಮಾತ್ರ ಕೊಡಲಾರ. ಕವಿಯೂ ಒಂದು ಹದ್ದಿನಲ್ಲಿ ನಿಲ್ಲುತ್ತಾನೆ. ಆ ಹುಡುಗಿಯರ ಬಾಯಲ್ಲಿ 13ನೆಯ ಶತಮಾನದಲ್ಲೇ ಇಂಥ ವಾದ ಇಟ್ಟದ್ದು ರಾಘವಾಂಕನ ದೊಡ್ಡಸ್ತಿಕೆ. ಆದರೆ ಅವರನ್ನು ವಿಶ್ವಾಮಿತ್ರನ ಸೃಷ್ಟಿ ಮಾಡಿಬಿಟ್ಟ. ಅವರಿಗೆ ಕೇರಿಯಿಲ್ಲ, ಹೆತ್ತವರಿಲ್ಲ, ಹಸಿವಿಲ್ಲ. ಅರಸನನ್ನು ಪರೀಕ್ಷೆ ಮಾಡಲಿಕ್ಕೆ ಬಂದವರು, ಪರೀಕ್ಷೆ ಮುಗಿದ ಮೇಲೆ ಬೇಡ.

ಇವತ್ತಿನ ಒಡವೆ ಯಾವುದು, ಸತ್ತಿಗೆ ಯಾವುದು? 2013ರ ಕಂಪನಿ ಕಾಯ್ದೆಯ 135ನೆಯ ಕಲಮು ನೋಡಿ. ನಿವ್ವಳ ಲಾಭ 5 ಕೋಟಿ, ಇಲ್ಲವೆ ವಹಿವಾಟು 1000 ಕೋಟಿ, ಇಲ್ಲವೆ ನಿವ್ವಳ ಆಸ್ತಿ 500 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲಿನಿಂದ ಇದು ಜಾರಿಯಲ್ಲಿದೆ. ಕಾಯ್ದೆ ಕೇಳಿದ ಬಾಕಿಯನ್ನು ದಾನ ಅಂತ ಕರೆಯೋದು ಮೊದಲ ಸುಳ್ಳು. ಖರ್ಚು ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣ ಇದೆ, ಕಲೆ-ಸಂಸ್ಕೃತಿ ಇದೆ, ಕೈಕಸುಬು ಇದೆ. ಸಾರ್ವಜನಿಕ ವಿಶ್ವವಿದ್ಯಾಲಯ ಎಂಬ ಹೆಸರೂ ಬರುತ್ತದೆ. ಬರೋದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯದ ಸಂಶೋಧನೆಗೆ. ದುಡ್ಡು ಎಲ್ಲಿಗೆ ಹೋಗಬೇಕು ಎಂದು ಗೊತ್ತುಮಾಡೋರು ಕಂಪನಿಯ ನಿರ್ದೇಶಕರು, ಅವರದೇ ಸಮಿತಿ. ಇಸಗೊಳ್ಳುವವರಲ್ಲಿ ಒಬ್ಬರಾದರೂ ಆ ಸಮಿತಿಯಲ್ಲಿ ಕೂಡಬೇಕು ಅಂತ ಕಾಯ್ದೆ ಹೇಳೋದಿಲ್ಲ. ದುಡ್ಡು ಒಡವೆ. ಕುರ್ಚಿ ಸತ್ತಿಗೆ.

ಹಾರ್ವರ್ಡಿನ ಮಾಲಿಕೆ ಮನೆತನದ ದತ್ತಿ, ಈ ಕಾಯ್ದೆಯ ದುಡ್ಡಲ್ಲ. ಅಲ್ಲೂ ಕುರ್ಚಿಯ ಜಗಳ ಬಂತು. 2016ರಲ್ಲಿ ಈ ದೇಶದ 132 ಮಂದಿ ವಿದ್ವಾಂಸರು ಸಹಿ ಹಾಕಿ, ಪ್ರಧಾನ ಸಂಪಾದಕ ಶೆಲ್ಡನ್ ಪೊಲಾಕ್ ಅವರನ್ನು ತೆಗೆಯಿರಿ ಅಂದರು. ದತ್ತಿ ಕೊಟ್ಟವರು ಒಪ್ಪಲಿಲ್ಲ. ಕುರ್ಚಿಯಲ್ಲಿ ಈ ದೇಶದವರು ಕೂಡಬೇಕೋ ಆ ದೇಶದವರೋ ಎಂಬ ವಾದ ಬಹಳ ನಡೆಯಿತು. ಯಾವ ಕೇರಿಯವರು ಕೂಡಬೇಕು ಅನ್ನೋದು ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಬಾಬಾಸಾಹೇಬರ ಬದುಕಿನಲ್ಲೇ ಉತ್ತರ ಇದೆ. 1913ರಲ್ಲಿ ಬರೋಡಾದ ಸಯಾಜಿರಾವ್ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ತಿರುಗಿ ಬಂದು ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕೆಂಬ ಕರಾರು ಇತ್ತು. 1917ರಲ್ಲಿ ಬಂದರು. ಉಳಿಯಲಿಕ್ಕೆ ಜಾಗ ಸಿಗದೆ ಪಾರ್ಸಿ ವಸತಿಗೃಹ ಸೇರಿದರು. ಅಲ್ಲಿಂದಲೂ ಹೊರಗೆ ಹಾಕಿದರು. ಮಹಾರಾಜರ ಒಡವೆ ಸಿಕ್ಕಿತ್ತು, ಮಹಾರಾಜರ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಈ ಕಡೆ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1902ರಲ್ಲೇ ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳ ಪೈಕಿ ಶೇಕಡ 50ನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ಅದು ಸತ್ತಿಗೆ. ಕೊಡೋದು ಸಾಧ್ಯ ಅನ್ನಲಿಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿ ಇದೆ.

ಬಾಬಾಸಾಹೇಬರು ಅರಸರ ಔದಾರ್ಯದ ಹಾಡು ಹಾಡುತ್ತ ಕೂಡಲಿಲ್ಲ. ವೈಸರಾಯ್ ಮಂಡಳಿಯ ಸದಸ್ಯರಾದಾಗ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸರ್ಕಾರದ ಖಜಾನೆಯಿಂದಲೇ ವೇತನ ಕೊಡಿಸಲು ದುಡಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ನಡೆದು ಬಂದಿದೆ. ಒಬ್ಬನ ಮರ್ಜಿ ಎಲ್ಲರ ಹಕ್ಕಾಯಿತು. ಕೇರಿಯಿಂದ ಮೊದಲ ಸಲ ಪದವಿ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಆ ದುಡ್ಡಿನ ರುಚಿ ಗೊತ್ತು. ಅದು ತಡವಾಗಿ ಬರೋದೂ ಗೊತ್ತು. ಆದರೆ ತಡವಾದರೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತು ಕೂಗಬಹುದು. 2020ರ ಕೊನೆಗೆ ಕೇಂದ್ರ 60, ರಾಜ್ಯ 40 ಎಂಬ ಪಾಲು ಗೊತ್ತಾದದ್ದು ಇದು ಸಂಸತ್ತು, ಶಾಸನಸಭೆಗಳಲ್ಲಿ ಕೇಳಬಹುದಾದ ಲೆಕ್ಕ ಆದ್ದರಿಂದ. ಕಂಪನಿಯ ಮುಂದೆ ಕೂತು ಏನಂತ ಕೂಗೋದು? ಉಪಕಾರ ಕೇಳಲಿಕ್ಕೆ ಘೋಷಣೆ ಇಲ್ಲ, ಅರ್ಜಿ ಮಾತ್ರ ಇದೆ.

ಎಲ್ಲ ಖಾಸಗಿ ದುಡ್ಡೂ ಒಂದೇ ತೂಕದ್ದಲ್ಲ ಅನ್ನೋದನ್ನೂ ಹೇಳಬೇಕು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಯಲ್ಲಿ ಹತ್ತು, ಹನ್ನೆರಡು ಮುಗಿಸಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆಯನ್ನು 2025ರಲ್ಲಿ ನಮ್ಮ ರಾಜ್ಯಕ್ಕೂ ತಂತು. ಸರ್ಕಾರಿ ಶಾಲೆಯನ್ನೇ ಅರ್ಹತೆಯ ಗುರುತು ಮಾಡಿದ್ದು ಸರಿಯಾದ ದಾರಿ. ಹುನಗುಂದದ ಕೂಲಿಯವರ ಮಗಳಿಗೆ ಅದು ಹಾಸ್ಟೆಲಿನ ಊಟ, ಪುಸ್ತಕ, ಮದುವೆ ಮುಂದೂಡಲಿಕ್ಕೆ ಒಂದು ನೆವ. "ಬಂದ ರೊಕ್ಕ ಬ್ಯಾಡ ಅಂತೀರೇನ್ರಿ?" ಅಂತ ಆಕೆಯ ಅವ್ವ ಕೇಳಿದರೆ ನಮ್ಮ ಉತ್ತರ ಒಂದೇ: "ಇಸಗೋರಿ ಯವ್ವಾ. ಆದ್ರ ಕೈ ಮುಗಿದು ಇಸಗೋಬ್ಯಾಡ್ರಿ."

ಆದರೆ ವೇತನ ಹಿಡಿದು ಆ ಹುಡುಗಿ ಎಲ್ಲಿ ಓದಬೇಕು? 2023ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಒಡೆದು ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ತೆರೆದರು. ಹೊಸ ವಿಶ್ವವಿದ್ಯಾಲಯಗಳಿಗೆ ತಲಾ 2 ಕೋಟಿ ರೂಪಾಯಿ. ಇಷ್ಟರಲ್ಲಿ ವಿಶ್ವವಿದ್ಯಾಲಯ ಕಟ್ಟಿ ಅಂದದ್ದು, ಎತ್ತಿಲ್ಲದವನ ಕೈಗೆ ಬಾರುಕೋಲು ಕೊಟ್ಟ ಹಾಗೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ದುಡ್ಡಿಲ್ಲ ಅಂತ, ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಆ ಒಂಬತ್ತರಲ್ಲಿ ಬಾಗಲಕೋಟೆಯದೂ ಒಂದು. ಒಂದು ಸರ್ಕಾರ ದುಡ್ಡಿಲ್ಲದೆ ತೆರೆಯಿತು, ಇನ್ನೊಂದು ದುಡ್ಡಿಲ್ಲ ಅಂತ ಮುಚ್ಚಲು ಹೊರಟಿತು. ಖಜಾನೆ ಹಿಂದೆ ಸರಿದ ಜಾಗಕ್ಕೇ ಕಂಪನಿ ಬರುತ್ತದೆ. ವಿದ್ಯಾರ್ಥಿಗೆ ವೇತನ ಕೊಟ್ಟು ವಿಶ್ವವಿದ್ಯಾಲಯವನ್ನು ಸಾಯಲು ಬಿಟ್ಟರೆ, ಒಡವೆ ಕೊಟ್ಟು ಬಿಸಿಲಲ್ಲಿ ನಿಲ್ಲಿಸಿದ ಹಾಗೆ.

ಸಂಸ್ಕೃತಿಯ ಮಾತೂ ಹೀಗೇ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನವಿದೆ. ಪುಲಿಕೇಶಿಯ ಕೃಪೆಯಿಂದ ಜಿನಾಲಯ ಕಟ್ಟಿಸಿದ ರವಿಕೀರ್ತಿ, ಪುಲಿಕೇಶಿಯ ಗೆಲುವನ್ನು ಹೊಗಳಿ, ತಾನು ಕಾಳಿದಾಸ ಭಾರವಿಯರಿಗೆ ಸಮ ಅಂತ ಬರೆಸಿದ. ಕೊಟ್ಟವನೂ ಉಳಿದ, ಹೊಗಳಿದವನೂ ಉಳಿದ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಸೂತ್ರಧಾರಿ ಗುಂಡನ ಹೆಸರು ಬಿರುದಿನ ಸಮೇತ ಇದೆ. ಆ ಕಲ್ಲು ಎಳೆದವರ ಹೆಸರು? ಇವತ್ತು ಉತ್ಸವದ ವೇದಿಕೆ ಮೇಲೆ ನಮ್ಮವರ ಹಲಗಿಗೆ ಚಪ್ಪಾಳೆ ಬೀಳುತ್ತದೆ, ಶಾಲು ಹೊದಿಸುತ್ತಾರೆ. ಅದೇ ಹಲಗಿ ಊರಲ್ಲಿ ಹೆಣದ ಮುಂದೆ ಬಾರಿಸುವ ಬಿಟ್ಟಿ ಚಾಕರಿಯಾಗಿ ಉಳಿದಿದ್ದರೆ, ಶಾಲು ಹೊದಿಸಿದವರು ಆ ಮಾತು ಎತ್ತುತ್ತಾರೆಯೆ? ಹಾಡು ಕೇಳಿದ ಕಿವಿಗೆ ಮೈಲಿಗೆ ಇಲ್ಲ, ನಿಜ. ಇಳಕಲ್ಲ ಸೀರೆಗೆ ಜಿಐ ಮಾನ್ಯತೆ ಬಂದಿದೆ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಆ ಕೈಯ ವಿದ್ಯೆಯನ್ನು ವಿಶ್ವವಿದ್ಯಾಲಯದವರು ಬಂದು ಬರೆದುಕೊಂಡರೆ, ಪುಸ್ತಕದ ಮೇಲೆ ನೇಕಾರಳ ಹೆಸರು ಬರುತ್ತದೆಯೆ, ಕೊನೆಯ ಪುಟದ ಕೃತಜ್ಞತೆಯಲ್ಲೆ? ಆಕೆ ತರಗತಿಗೆ ಬಂದು ಪಾಠ ಹೇಳಿದರೆ ಎಷ್ಟು ಸಂಬಳ?

ಗೆಳೆಯರೆ, ನಾವು ಕೇಳೋದು ಇವು. ವಿದ್ಯಾರ್ಥಿವೇತನ ಯಾವ ರೂಪದಲ್ಲಿ ಬಂದರೂ ಬಜೆಟ್ಟಿನ ಹಕ್ಕಿಗೆ ಅದು ಬದಲಿ ಆಗಕೂಡದು. ಕಂಪನಿ ದುಡ್ಡು ತೆಗೆದುಕೊಳ್ಳುವ ವಿಶ್ವವಿದ್ಯಾಲಯ ಕರಾರುಪತ್ರವನ್ನು ಕನ್ನಡದಲ್ಲಿ ನೋಟೀಸು ಬೋರ್ಡಿಗೆ ಹಚ್ಚಬೇಕು. ಆಯ್ಕೆಯ ಸಮಿತಿಯಲ್ಲಿ ದಲಿತ ವಿದ್ಯಾರ್ಥಿ, ನೇಕಾರ, ಹಲಗಿಯ ಕಲಾವಿದ ಕೂಡಬೇಕು. ಉಪಚಾರಕ್ಕಲ್ಲ, ಮತ ಹಾಕಲಿಕ್ಕೆ. ಚೆಕ್ಕು ಕೊಡುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯೋದು ನಿಲ್ಲಬೇಕು. ಹಳ್ಳಿಯ ಮಾಸ್ತರರು ಹರಿಶ್ಚಂದ್ರನ ಪಾಠ ಮಾಡುವಾಗ ಸುಡುಗಾಡಿಗೆ ಹೋಗುವ ಮೊದಲು ಆ ಬೀಡಿನ ಹತ್ತಿರ ಒಂದು ಗಳಿಗೆ ನಿಲ್ಲಬೇಕು, ಆ ಇಬ್ಬರು ಹುಡುಗಿಯರ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡಬೇಕು.

ವಿಶ್ವಾಮಿತ್ರ ಸೃಷ್ಟಿ ಮಾಡಿದ ಹುಡುಗಿಯರು ಕಥೆ ಮುಗಿಯುವ ಹೊತ್ತಿಗೆ ಕಾಣದಾದರು. ನಮ್ಮನ್ನು ಹೆತ್ತವರು ಕೇರಿಯ ಅವ್ವಂದಿರು. ನಾವು ಎಲ್ಲಿಗೂ ಹೋಗೋದಿಲ್ಲ.