ಕೊಟ್ಟ ಕೈ ಯಾವಾಗ ಬಿಡಬೇಕು

ಬೀದರ್ ಜಿಲ್ಲೆಯ ನಮ್ಮ ಡಾಬಕಾ ಭಾಗದಲ್ಲಿ ಯಾರಿಗಾದರೂ ಬಾಯಲ್ಲಿ ಹುಣ್ಣು ಮಾಯದೆ ಉಳಿದರೆ ಮನೆಯ ಹಿರಿಯರು ಕ್ಯಾನ್ಸರ್ ಎಂಬ ಶಬ್ದ ಎತ್ತುವುದಿಲ್ಲ. ‘ಟಾಟಾಕ್ಕ ಒಯ್ಯಬೇಕಾಗ್ತದ ನೋಡ್ರಿ’ ಎನ್ನುತ್ತಾರೆ, ಅಷ್ಟಕ್ಕೇ ಮನೆಯೆಲ್ಲ ಸುಮ್ಮನಾಗುತ್ತದೆ. ಭಾಲ್ಕಿ ಸ್ಟೇಷನ್ನಿನಲ್ಲಿ ಮುಂಬೈ ಗಾಡಿ ಕಾಯುವವರ ನಡುವೆ ಇಂಥವರನ್ನು ಗುರುತಿಸುವುದು ಕಷ್ಟವಲ್ಲ. ಒಂದು ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಇನ್ನೊಂದರಲ್ಲಿ ಮಡಿಕೆ ಬೀಳಬಾರದೆಂದು ಎದೆಗೆ ಅವಚಿಕೊಂಡ ಎಕ್ಸ್‌ರೇ ಕವರು.

ಮುಂಬೈ ನೋಡದ ಜನರ ಬಾಯಲ್ಲಿ ಒಂದು ಮನೆತನದ ಹೆಸರು ಹೀಗೆ ರೋಗಕ್ಕೂ ಭರವಸೆಗೂ ಒಟ್ಟಿಗೇ ನಿಂತಿದೆ. ದಾನದಿಂದ ಹುಟ್ಟಿದ ಸಂಸ್ಥೆಗಳನ್ನು ಹೊಗಳಿ ಬರೆದದ್ದು ಬೇಕಾದಷ್ಟಿದೆ. ಅವುಗಳ ಕೆಲಸದ ರೀತಿಯನ್ನು ನಮ್ಮ ಗಡಿ ತಾಲ್ಲೂಕಿನಲ್ಲಿ ನಿಂತು ಅಳೆಯಬೇಕೆಂಬುದು ನನ್ನ ಬಹುದಿನದ ಆಸೆ.

1931ರಲ್ಲಿ ಮೆಹರ್‌ಬಾಯಿ ಟಾಟಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಅವರ ಪತಿ ದೊರಾಬ್‌ಜಿ ತಮ್ಮ ಆಸ್ತಿಯನ್ನೆಲ್ಲ, ಹೆಂಡತಿಯ ಒಡವೆ ಸಮೇತ, ಒಂದು ಟ್ರಸ್ಟಿಗೆ ಬರೆದುಕೊಟ್ಟು ಕೆಲವೇ ತಿಂಗಳಲ್ಲಿ ತಾವೂ ಹೊರಟುಹೋದರು. ಆ ಟ್ರಸ್ಟ್ ಮುಂಬೈಯ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದದ್ದು 1941ರಲ್ಲಿ. ಕಟ್ಟಿಸಿದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆಮೇಲಿನ ಸಂಗತಿ. 1957ರಲ್ಲಿ ಆಸ್ಪತ್ರೆಯನ್ನು ಕೇಂದ್ರದ ಆರೋಗ್ಯ ಸಚಿವಾಲಯ ವಹಿಸಿಕೊಂಡಿತು, 1962ರಲ್ಲಿ ಅದು ಅಣುಶಕ್ತಿ ಇಲಾಖೆಯ ಕೈಸೇರಿತು. ಹೆಸರು ಉಳಿಯಿತು, ಒಡೆತನ ಹೋಯಿತು. ಬೆಳೆದ ಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ಧೈರ್ಯ ಇದಕ್ಕೆ ಬೇಕು. ಕಟ್ಟಿದ ಶಾಲೆಯ ಅಧ್ಯಕ್ಷಗಿರಿಯನ್ನು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ದಾಟಿಸುವ ಮನೆತನಗಳನ್ನು ಕಂಡ ನಮಗೆ ಈ ಬಿಟ್ಟುಕೊಡುವಿಕೆಯ ಬೆಲೆ ಗೊತ್ತಾಗಬೇಕು.

ಇದೇ ಟ್ರಸ್ಟಿಗೆ 1944ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಒಂದು ಪತ್ರ ಹೋಯಿತು. ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ 34ರ ಹೋಮಿ ಭಾಭಾ. ಮೂಲಭೂತ ಸಂಶೋಧನೆಗೆ ನಮ್ಮಲ್ಲೇ ಒಂದು ಶಾಲೆ ಬೇಕು, ಮುಂದೆ ಪರಮಾಣು ಶಕ್ತಿಯ ಕಾಲ ಬಂದಾಗ ತಜ್ಞರಿಗಾಗಿ ಪರದೇಶದ ಮುಖ ನೋಡಬಾರದು ಎಂಬುದು ಅವರ ವಾದ. ಆ ಶಾಲೆಗೆ ಕಟ್ಟಡವಿರಲಿಲ್ಲ, ಸಾಧನೆಯ ಪಟ್ಟಿಯೂ ಇರಲಿಲ್ಲ. ಟ್ರಸ್ಟ್ ಆ ಮನುಷ್ಯನನ್ನು ನಂಬಿ ಹಣ ಕೊಟ್ಟಿತು. ಆ ಸಂಶೋಧನಾ ಸಂಸ್ಥೆ, ಟಿ.ಐ.ಎಫ್.ಆರ್., 1945ರ ಜೂನಿನಲ್ಲಿ ಬೆಂಗಳೂರಿನಲ್ಲೇ ಶುರುವಾಗಿ ಅದೇ ವರ್ಷ ಮುಂಬೈಗೆ ಹೋಯಿತು. ಕಾಲಕ್ರಮೇಣ ಖರ್ಚಿನ ಭಾರ ಸರ್ಕಾರದ ಮೇಲೆ ಬಂತು. ಗೋಡೆಗೆ, ಕಮಾನಿಗೆ, ಹೆಸರಿನ ಕಲ್ಲಿಗೆ ದುಡ್ಡು ಸಿಗುತ್ತದೆ. ಇನ್ನೂ ಕಟ್ಟದ ಸಂಸ್ಥೆಯ ಕನಸು ಹೊತ್ತ ಒಬ್ಬ ತರುಣನನ್ನು ನಂಬಿ ಕೊಡುವವರು ಅಂದೂ ಕಡಿಮೆ, ಇಂದೂ ಕಡಿಮೆ.

ಒಂದು ತಕರಾರು ನನ್ನದಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯನ್ನು ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುತ್ತಾರೆ. ಜಮ್‌ಷೆಟ್‌ಜಿ ಟಾಟಾ ಮುಂಬೈಯ ತಮ್ಮ ಆಸ್ತಿಗಳನ್ನು ಅದಕ್ಕೆಂದು ಮೀಸಲಿಟ್ಟದ್ದು ನಿಜ. 1904ರಲ್ಲಿ ಅವರು ತೀರಿಕೊಂಡ ಐದು ವರ್ಷಕ್ಕೆ, 1909ರಲ್ಲಿ, ಅದು ಹುಟ್ಟಿತು. ಆದರೆ ನಿಂತ ನೆಲ, 371 ಎಕರೆ, ಮೈಸೂರು ಸಂಸ್ಥಾನದ್ದು. ವರ್ಷವರ್ಷದ ಖರ್ಚಿಗೂ ಮೈಸೂರು ಕೈಹಾಕಿತು, ಭಾರತ ಸರ್ಕಾರವೂ ಪಾಲು ಕೊಟ್ಟಿತು. ಸಂಸ್ಥಾನದ ಬೊಕ್ಕಸವೆಂದರೆ ಕಂದಾಯ ಕಟ್ಟಿದ ರೈತನ ಗಂಟು. ದಾನಿಯ ಹೆಸರು ಹೇಳುವಾಗ ಈ ರೈತನನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಶ್ರೀಮಂತನ ಹಣ ಬಾಗಿಲು ತೆರೆಯಿತು, ದೀಪಕ್ಕೆ ಎಣ್ಣೆ ಹೊಯ್ದದ್ದು ಜನ.

ದಾನಿ ಹೋದ ಮೇಲೆ ದಾನದ ಗತಿ ಏನು ಎಂಬ ಮಾತು ಬೀದರಿನವರಿಗೆ ಹೊಸದಲ್ಲ. ಮಹಮೂದ್ ಗವಾನನ ಮದರಸಾ ಊರ ನಡುವೆಯೇ ಇದೆ. ಬಹಮನಿ ವಜೀರ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯ, ಸಾವಿರಾರು ಹಸ್ತಪ್ರತಿಗಳ ಗ್ರಂಥಾಲಯವಿದ್ದ ಜಾಗ. ಉಳಿದ ಒಂದೇ ಮಿನಾರಿನ ಬುಡದಲ್ಲಿ ನಿಂತು ಮೇಲೆ ನೋಡಿದರೆ ನೀಲಿ ಹೆಂಚಿನ ಚೂರುಗಳು ಅಲ್ಲಲ್ಲಿ ಈಗಲೂ ಬಿಸಿಲಿಗೆ ಹೊಳೆಯುತ್ತವೆ, ನಡುವೆ ಉದುರಿದ ಕಡೆ ಬರಿಯ ಗಾರೆ. 1481ರಲ್ಲಿ ಸುಲ್ತಾನ ಗವಾನನ ತಲೆ ತೆಗೆಸಿದ. ಮುಂದೆ ಮೊಗಲರ ಕಾಲದಲ್ಲಿ ಆ ಕಟ್ಟಡದಲ್ಲಿ ಮದ್ದುಗುಂಡು ತುಂಬಿದರು, ಅದು ಸಿಡಿದು ಮುಂಭಾಗ ಕುಸಿಯಿತು. ಓದುವ ಕೋಣೆಯಲ್ಲಿ ಮದ್ದು ಇಡಬೇಡಿ ಎಂದು ತಡೆಯುವ ಅಧಿಕಾರವುಳ್ಳವರು ಯಾರೂ ಉಳಿದಿರಲಿಲ್ಲ. ಒಬ್ಬನ ಔದಾರ್ಯಕ್ಕೆ ಅವನ ತಲೆಯ ಆಯುಷ್ಯವೇ ಆಯುಷ್ಯ. ಟ್ರಸ್ಟ್ ಎಂಬ ಕಾಗದದ ಕಟ್ಟಳೆ ಬೇಕಾಗುವುದು ಇದಕ್ಕೇ.

ಕಾಗದ ಇಲ್ಲದೆಯೂ ಉಳಿದದ್ದು ನಮ್ಮ ಕಡೆ ಇದೆ. ಕಮಲನಗರದಲ್ಲಿ 1889ರಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ನಿಜಾಮನ ಆಡಳಿತದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಹಿಂದೆ ಗಿರಣಿ, ಉಕ್ಕಿನ ಕಾರ್ಖಾನೆ ಇರಲಿಲ್ಲ. ಹಳ್ಳಿಯವರು ಕೊಟ್ಟದ್ದೇ ಬಂಡವಾಳ. ಆದರೂ ಅವರಿದ್ದ ಭಾಲ್ಕಿಯ ಹಿರೇಮಠಕ್ಕೆ ಪೀಠದ ಪರಂಪರೆ ಇತ್ತು. 1999ರಲ್ಲಿ ಅಜ್ಜಾವರು ಲಿಂಗೈಕ್ಯರಾದ ಮೇಲೂ ಶಾಲೆಗಳ ಗಂಟೆ ನಿಲ್ಲಲಿಲ್ಲ. ಈ ಮಾದರಿಯ ಬಲ ಹತ್ತಿರವಿರುವುದು, ಮಕ್ಕಳು ನಡೆದು ಹೋಗುವಷ್ಟು ಹತ್ತಿರ. ಸಂಶೋಧನಾಲಯವನ್ನೋ ಕ್ಯಾನ್ಸರ್ ಆಸ್ಪತ್ರೆಯನ್ನೋ ಕಟ್ಟುವ ಶಕ್ತಿ ಜೋಳಿಗೆಗೆ ಇಲ್ಲ ಎಂಬುದೂ ಅಷ್ಟೇ ಸತ್ಯ.

ಟಾಟಾ ಮಾದರಿಯ ದೋಷ ದೂರ. ಹಣ ಎಲ್ಲಿತ್ತೋ ಸಂಸ್ಥೆ ಬಹುಪಾಲು ಅಲ್ಲೇ ಬೆಳೆಯಿತು. ಟಾಟಾ ನೆರವಿನಿಂದಲೇ ಹುಟ್ಟಿದ, ಮುಂಬೈಯ ನರೀಮನ್ ಪಾಯಿಂಟಿನ ಪ್ರದರ್ಶಕ ಕಲೆಗಳ ಕೇಂದ್ರ ಎನ್.ಸಿ.ಪಿ.ಎ. ಹೆಸರಿನಲ್ಲಿ ‘ರಾಷ್ಟ್ರೀಯ’ ಎಂದಿದೆ, ಅದರ ಸಂಗೀತ ಔರಾದಿನ ಕಿವಿಗೆ ಬೀಳಲಿಲ್ಲ. ಸಂಗೀತವಾದರೆ ಸಹಿಸಬಹುದು. ಔಷಧಕ್ಕಾಗಿ ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಿ ಪರೇಲಿನ ಫುಟ್‌ಪಾತಿನಲ್ಲಿ ಚಾದರ ಹಾಸುವುದನ್ನು ಹೇಗೆ ಸಹಿಸುವುದು?

ದೂರ ಕಡಿಮೆ ಮಾಡುವ ದಾರಿಯನ್ನು ಅದೇ ಆಸ್ಪತ್ರೆ ತೋರಿಸಿಯೂ ಇದೆ. ಮುಂಬೈಯ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಅಲ್ಲಿನ ವೈದ್ಯರು ವರ್ಷಗಟ್ಟಲೆ ಅಧ್ಯಯನ ನಡೆಸಿದರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ವಿನೆಗರ್ ಸವರಿ, ಬಣ್ಣ ಬಿಳಿಯಾಗುತ್ತದೆಯೇ ಎಂದು ನೋಡುವುದು, ಇಷ್ಟೇ ಪರೀಕ್ಷೆ. ಗರ್ಭಕೊರಳಿನ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಶೇಕಡಾ 31ರಷ್ಟು ತಗ್ಗಿತೆಂದು 2013ರಲ್ಲಿ ಜಗತ್ತಿಗೆ ತಿಳಿಯಿತು. ಇದಕ್ಕೆ ದೊಡ್ಡ ಯಂತ್ರ ಬೇಡ, ಅಮೃತಶಿಲೆಯ ಪಡಸಾಲೆ ಬೇಡ. ಡಾಬಕಾದ ಆಶಾ ಕಾರ್ಯಕರ್ತೆಗೆ ಕಲಿಸಿ, ಹತ್ತು ವರ್ಷ ಅವಳ ಬೆನ್ನಿಗೆ ನಿಂತು, ಆಮೇಲೆ ಸರ್ಕಾರಕ್ಕೆ ಒಪ್ಪಿಸಿ ಹಿಂದೆ ಸರಿಯುವ ಒಂದು ಟ್ರಸ್ಟ್ ನಮಗೆ ಬೇಕಾಗಿದೆ.