ಬಿಳಿಯಾನೆಯನ್ನು ಕೊಟ್ಟವರು ಯಾರು?

ಇಂಗ್ಲಿಷ್ ನುಡಿಗಟ್ಟುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಎರಡು ಕಾಲಂ ಇರುತ್ತವೆ. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. 'ವೈಟ್ ಎಲಿಫೆಂಟ್' ಎಂದರೆ ಉಪಯೋಗವಿಲ್ಲದ, ಸಾಕಲು ದುಬಾರಿಯಾದ ಆಸ್ತಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅದೇ ಮಾತು 'ಬಿಳಿಯಾನೆ'ಯಾಗಿ ಕನ್ನಡ ಪತ್ರಿಕೆಗಳ ತಲೆಬರಹಕ್ಕೂ ಬಂದಿರುವಾಗ, ಬಲಗಡೆಯ ಕಾಲಂ ಏನನ್ನು ಬಿಟ್ಟಿದೆ ಎಂದು ಕೇಳಬೇಕಾಗುತ್ತದೆ.

ಇದರ ಹಿಂದಿನ ಕತೆ ಸಯಾಮಿನದು, ಅಂದರೆ ಇಂದಿನ ಥಾಯ್ಲೆಂಡಿನದು. ತನಗಾಗದ ಆಸ್ಥಾನಿಕನಿಗೆ ಅರಸ ಬಿಳಿಯಾನೆಯೊಂದನ್ನು ಉಡುಗೊರೆ ಕೊಡುತ್ತಿದ್ದನಂತೆ. ಪವಿತ್ರ ಪ್ರಾಣಿ, ದುಡಿಸುವಂತಿಲ್ಲ, ಮಾರುವಂತಿಲ್ಲ. ಸಾಕಿ ಸಾಕಿಯೇ ಮನೆ ಬರಿದಾಗಬೇಕು. ಇದು ಚರಿತ್ರೆಗಿಂತ ಹೆಚ್ಚಾಗಿ ಐತಿಹ್ಯ. ಸಯಾಮಿನವರಿಗೆ ಬಿಳಿಯಾನೆ ಅರಸೊತ್ತಿಗೆಯ ಭಾಗ್ಯ. 20ನೇ ಶತಮಾನದ ಆರಂಭದವರೆಗೂ ಆ ದೇಶದ ಬಾವುಟದ ಮೇಲೆ ಅದೇ ಇತ್ತು. ಪೂಜ್ಯವಾದದ್ದು ಇಂಗ್ಲಿಷಿಗೆ ಹೋಗಿ ಹೊರೆಯಾಯಿತು, ಹೊರೆಯಾಗಿಯೇ ಕನ್ನಡಕ್ಕೆ ಬಂತು.

ಕನ್ನಡದಲ್ಲಿ ಅದಕ್ಕೆ ಆಗಲೇ ಬೇರೆ ಜಾಗವಿತ್ತು. ಸಮುದ್ರಮಥನದಲ್ಲಿ ಹುಟ್ಟಿದ ಇಂದ್ರನ ಐರಾವತ ಬಿಳಿಯಾನೆಯೇ. ಕೆಎಸ್‌ಆರ್‌ಟಿಸಿ ತನ್ನ ಐಷಾರಾಮಿ ಬಸ್ಸಿಗೆ ಇಟ್ಟ ಹೆಸರೂ ಐರಾವತ. ಆನೆಯ ಖರ್ಚು ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ. 'ಆನೆ ಸಾಕಿದ ಹಾಗೆ' ಎನ್ನುತ್ತೇವೆ. 'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎಂದೂ ಅನ್ನುತ್ತೇವೆ. ಖರ್ಚು, ಬೆಲೆ ಎರಡನ್ನೂ ಕಂಡವರ ಮಾತುಗಳಿವು. ಮೈಸೂರು ದಸರೆಯಲ್ಲಿ 8 ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತಾಗ, ಅವನ ಮೇವಿನ ಖರ್ಚು ಉಳಿಯಿತೆಂದು ಈ ಊರಿನಲ್ಲಿ ಯಾರೂ ಲೆಕ್ಕ ಹಾಕಲಿಲ್ಲ.

ಹಾಗೆಂದು ಎರವಲೇ ತಪ್ಪಲ್ಲ. 'ಬೆಕ್ಕಿಗೆ ಗಂಟೆ ಕಟ್ಟುವವರು ಯಾರು' ಎಂದಾಗ ಇಲಿಗಳ ಸಭೆಯ ಕತೆ ಮಕ್ಕಳಿಗೂ ನೆನಪಾಗುತ್ತದೆ. 'ಹಸಿರು ನಿಶಾನೆ' ಎಂದಾಗ ರೈಲು ನಿಲ್ದಾಣ ಕಣ್ಣಿಗೆ ಕಟ್ಟುತ್ತದೆ. ಇವು ಚಿತ್ರದ ಸಮೇತ ನಮ್ಮವಾಗಿವೆ. ಬಿಳಿಯಾನೆ ಮಾತ್ರ ತನ್ನ ಕತೆಯನ್ನು ಹಿಂದೆ ಬಿಟ್ಟು ಬಂದಿದೆ.

ತೊಡಕಿರುವುದು ಇಲ್ಲೇ. ಕತೆಯಲ್ಲಿ ಮೂವರಿದ್ದಾರೆ: ಕೊಟ್ಟ ಅರಸ, ಹೊರೆ ಹೊತ್ತ ಆಸ್ಥಾನಿಕ, ಏನೂ ಅರಿಯದ ಆನೆ. ತಲೆಬರಹದಲ್ಲಿ ಉಳಿದದ್ದು ಆನೆಯೊಂದೇ. ನಷ್ಟದಲ್ಲಿರುವ ಸರ್ಕಾರಿ ಕಾರ್ಖಾನೆಯನ್ನು 'ಬಿಳಿಯಾನೆ' ಎಂದರೆ ತಪ್ಪೆಲ್ಲ ಕಾರ್ಖಾನೆಯದೇ ಎಂದಾಗುತ್ತದೆ. ಅದನ್ನು ಮಂಜೂರು ಮಾಡಿದವರು, ಆಮೇಲೆ ಬಂಡವಾಳ ನಿಲ್ಲಿಸಿದವರು, ಸಂಬಳಕ್ಕೆ ಕಾಯುತ್ತಿರುವವರು ಯಾರೂ ಆ ಮಾತಿನೊಳಗಿಲ್ಲ. ಇನ್ನೂ ವಿಚಿತ್ರವೆಂದರೆ, ಮಾರಲು ಬಾರದ್ದು ಎಂಬುದೇ ಕತೆಯ ಜೀವಾಳವಾಗಿದ್ದ ಪ್ರಾಣಿಯ ಹೆಸರು ಈಗ ಮಾರಾಟದ ವಾದಕ್ಕೇ ಬಳಕೆಯಾಗುತ್ತಿದೆ.

ಸಾಹಿತ್ಯದ ವಿದ್ಯಾರ್ಥಿಗಳು ಕವಿತೆಯ ರೂಪಕವನ್ನು ಬಿಡಿಸಿ ನೋಡುತ್ತಾರೆ, ನುಡಿಗಟ್ಟನ್ನು ಮಾತ್ರ ಬಾಯಿಪಾಠ ಮಾಡುತ್ತಾರೆ. ಅದೂ ರೂಪಕವೇ, ದಿನಬಳಕೆಯಲ್ಲಿ ಸವೆದಿದೆ ಅಷ್ಟೆ. ಅನುವಾದಕರಾದರೂ 'ಬಿಳಿಯಾನೆ' ಎಂದು ಬರೆಯುವ ಮುನ್ನ ಒಮ್ಮೆ ನಿಲ್ಲಬಹುದು. 'ಆನೆ ಸಾಕಿದ ಹಾಗೆ' ಎಂದು ಬರೆದರೆ, ಸಾಕುತ್ತಿರುವವರು ಯಾರು ಎಂಬ ಪ್ರಶ್ನೆಯಾದರೂ ಓದುಗರಲ್ಲಿ ಏಳುತ್ತದೆ.