ಯಾರ ಅಪ್ಪಣೆಯೂ ಇಲ್ಲದೆ ಬೆಳೆದ ಊರು

ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ (2011) ಅವರ ಬಾಳಿನ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಶಿರಸಿ, ಧಾರವಾಡ, ಆಕ್ಸ್‌ಫರ್ಡ್, ಮದ್ರಾಸು, ಪುಣೆ ಎಂದು ಊರಿಂದೂರಿಗೆ ಅಲೆದ ಕತೆ ಅದು. 2019ರಲ್ಲಿ ಅವರು ಕಣ್ಣು ಮುಚ್ಚಿದ ಬೆಂಗಳೂರಿನ ಕೊನೆಯ ದಶಕಗಳು ಅದರಲ್ಲಿಲ್ಲ. ಬರೆಯದೆ ಉಳಿದ ಆ ಅಧ್ಯಾಯವನ್ನು ನಾನು ‘ಬೆಂದ ಕಾಳು ಆನ್ ಟೋಸ್ಟ್’ ನಾಟಕದಲ್ಲಿ ಹುಡುಕುತ್ತೇನೆ. ಕಾರ್ನಾಡರ ನಾಟಕಗಳ ಮಾತು ಬಂದಾಗ ‘ತುಘಲಕ್’, ‘ಹಯವದನ’, ‘ನಾಗಮಂಡಲ’ಗಳ ಹಿಂದೆ ಇದು ಮರೆಯಾಗುತ್ತದೆ. ಹಾಗಾಗಬಾರದು.

ಹೊಯ್ಸಳರ ವೀರಬಲ್ಲಾಳ ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಬೆಂದಕಾಳೂರು ಎಂಬ ಹೆಸರು ಬಂತು ಎಂಬ ಐತಿಹ್ಯದಿಂದ ನಾಟಕ ತನ್ನ ಹೆಸರನ್ನು ಪಡೆದಿದೆ. ಬೇಗೂರಿನ ವೀರಗಲ್ಲು ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದೆಯೇ ‘ಬೆಂಗಳೂರು’ ಎಂಬ ಹೆಸರನ್ನು ಹೇಳುತ್ತದೆ. ಹೆಸರಿನ ಕತೆ ಕಟ್ಟುಕತೆ. ಆದರೂ ಊರಿಗೆ ಅದೇ ಬೇಕು. ನಾಟಕದ ಪಾತ್ರಗಳೂ ಹೀಗೆ ಒಂದೊಂದು ಕತೆಯನ್ನು ನಂಬಿ ಬದುಕುವವರು. ಸಣ್ಣ ಊರಿನಿಂದ ಬಂದ ಪ್ರಭಾಕರ ತೆಲಂಗ, ಡಾಲಿ ಅಯ್ಯರ್ ತೋರಿಸಿದ ದೊಡ್ಡ ನೌಕರಿಯ ಆಸೆಗೆ ಇದ್ದ ನೆಲೆಯನ್ನೇ ಕಳೆದುಕೊಳ್ಳುತ್ತಾನೆ. ಮೋಸ ಮಾಡಿದವಳಿಗೆ ಅದರಿಂದ ಲಾಭವೇನೂ ಇಲ್ಲ. ಮಾತಿಗೆ ಮಾತು ಬೆಳೆಯುತ್ತದೆ, ಒಬ್ಬನ ಬಾಳು ಜಾರುತ್ತದೆ. ಖಳನೇ ಇಲ್ಲದ ಈ ಅನಾಹುತವನ್ನು ಕಾರ್ನಾಡರು ಬರೆದಿರುವ ರೀತಿ ನನ್ನನ್ನು ಇನ್ನೂ ಕಾಡುತ್ತದೆ.

ಇದನ್ನು ‘ತುಘಲಕ್’ (1964) ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಒಬ್ಬ ಸುಲ್ತಾನ ಮನಸ್ಸು ಮಾಡುತ್ತಾನೆ, ದಿಲ್ಲಿ ಎದ್ದು ದೌಲತಾಬಾದಿಗೆ ನಡೆಯುತ್ತದೆ. ದಾರಿಯಲ್ಲಿ ಸತ್ತವರ ಲೆಕ್ಕ ಯಾರ ತಲೆಗೆ ಎಂದು ಕೇಳಿದರೆ ಉತ್ತರವಿದೆ. ಕಾರ್ನಾಡರದೇ ‘ತಲೆದಂಡ’ ನಾಟಕದ ಕಲ್ಯಾಣಕ್ಕೂ ಒಬ್ಬ ದೊರೆ ಬಿಜ್ಜಳನಿದ್ದಾನೆ. ಬೆಂಗಳೂರಿಗೆ ಅಂಥ ಯಾರೂ ಇಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯ ಹೊತ್ತಿಗೆ ಅದರೊಳಗೆ 84 ಲಕ್ಷ ಜನ. ಕುಡಿಯುವ ಕಾವೇರಿ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಗುಡ್ಡ ಹತ್ತಿ ಬರಬೇಕು. ಇಷ್ಟನ್ನೂ ಒಬ್ಬ ದೊರೆ ಕೂತು ಯೋಚಿಸಿದ್ದಲ್ಲ. ನಾಟಕದಲ್ಲಿ ಮರ ಉಳಿಸಲು ಹೆಣಗುವ ಅಂಜನಾ ಪಡುಬಿದ್ರಿ ಯಾರ ಬಾಗಿಲು ತಟ್ಟಬೇಕು? ತುಘಲಕನನ್ನು ದ್ವೇಷಿಸಬಹುದಿತ್ತು. ಇಲ್ಲಿ ಸಿಟ್ಟಿಗೆ ವಿಳಾಸವೇ ಇಲ್ಲ.

ಹಾಗಾಗಿಯೇ ನಾಟಕಕ್ಕೆ ನಾಯಕನೂ ಇಲ್ಲ, ಒಂದೇ ಕಥೆಯೂ ಇಲ್ಲ. ಚಿಕ್ಕ ಚಿಕ್ಕ ದೃಶ್ಯಗಳು; ಕುದುರೆ ಜೂಜಿನ ಹುಚ್ಚು ಹಿಡಿದ ಅಜ್ಜಿ, ಗಿಟಾರು ಹಿಡಿದ ಮೊಮ್ಮಗ, ಮನೆಗೆಲಸದ ವಿಮಲಾ. ಕಟ್ಟು ಸಡಿಲ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರ ಇಷ್ಟೇ: ಹರಡಿಕೊಂಡ ಊರನ್ನು ಬಿಗಿಯಾದ ಮೂರು ಅಂಕಗಳಲ್ಲಿ ಕೂರಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಒಂದೇ ಸೂರಿನ ಕೆಳಗೆ ಬದುಕುವವರಿಗೆ ಒಬ್ಬರ ಪಾಡು ಇನ್ನೊಬ್ಬರಿಗೆ ತಿಳಿಯದು. ಪುಣೆಯ ನಿರ್ದೇಶಕ ಮೋಹಿತ ಟಾಕಳಕರ ಈ ನಾಟಕವನ್ನು ಮರಾಠಿ ರಂಗಕ್ಕೆ ತಂದರು. ಅದರಲ್ಲಿ ಆಶ್ಚರ್ಯವಿಲ್ಲ, ಪುಣೆಯೂ ಇದೇ ಕಾಯಿಲೆಯ ಊರು.

ಕೊರತೆ ಬೇರೆಡೆ ಇದೆ, ಅದು ಸಣ್ಣದಲ್ಲ. ನಾಟಕದ ಕಣ್ಣು ಹೆಚ್ಚಾಗಿ ನಡುಮನೆಯಲ್ಲಿ ಕೂತಿರುತ್ತದೆ. ಊರಿಗೆ ಬಂದವರು ಕಾಣುತ್ತಾರೆ, ಊರೇ ಮೈಮೇಲೆ ಬಂದವರು ಕಾಣುವುದಿಲ್ಲ. ರಾಗಿ ಹೊಲವನ್ನು ಲೇಔಟಿಗೆ ಕೊಟ್ಟು, ಅದೇ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿಗೆ ಕಾವಲು ನಿಂತವನು, ಕೆರೆಯಂಗಳದ ರೆವಿನ್ಯೂ ಸೈಟಿಗೆ ಸಾಲ ತಂದು ಖಾತೆಗಾಗಿ ಅಲೆಯುವವನು ರಂಗಕ್ಕೆ ಬರುವುದೇ ಇಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಬೆಂಗಳೂರಿನ ಇಪ್ಪತ್ತನೆಯ ಶತಮಾನದ ಬಗ್ಗೆ ಬರೆದ ಪುಸ್ತಕ (2005) ಈ ನಾಟಕಕ್ಕಿಂತ ಮೊದಲೇ ಬಂದಿತ್ತು. ನೆಲ ಯಾರದು, ಕಾನೂನು ಯಾರದು ಎಂಬ ಜಗಳ ಅದರ ತುಂಬ ಇದೆ. ಆ ಜಗಳದ ಒಂದು ದೃಶ್ಯವಾದರೂ ಇಲ್ಲಿರಬೇಕಿತ್ತು. ಕಾರ್ನಾಡರಿಗೆ ಅದು ತಿಳಿದಿರಲಿಲ್ಲ ಎನ್ನಲಾರೆ. ಆದರೆ ಅವರೂ ಊರೂರು ದಾಟಿ ಇಲ್ಲಿಗೆ ಬಂದು ನೆಲೆಸಿದವರೇ. ಬಂದವರ ಆಸೆ, ಭಯ ಅವರ ಕೈಗೆ ಸುಲಭವಾಗಿ ಸಿಕ್ಕಿತು. ಮೊದಲೇ ಇದ್ದವರ ನಷ್ಟ ಸಿಗಲಿಲ್ಲ.

ಇದಾದ ಮೇಲೆ ಅವರು ಬರೆದದ್ದು ‘ರಾಕ್ಷಸ ತಂಗಡಿ’ (2018). ವಿಜಯನಗರದ ಪತನದ ನಾಟಕ. ಬೆಳೆಯುತ್ತಲೇ ಇರುವ ಊರಿನಿಂದ, 1565ರ ಒಂದು ಯುದ್ಧದಲ್ಲಿ ಮುಗಿದುಹೋದ ಊರಿಗೆ ಅವರ ಲೇಖನಿ ಹೊರಳಿತು. ಅಲ್ಲಿ ಮತ್ತೆ ಅಳಿಯ ರಾಮರಾಯನಿದ್ದ, ಸುಲ್ತಾನರಿದ್ದರು, ಹೊಣೆ ಹೊರಿಸಲು ಹೆಸರುಗಳಿದ್ದವು.